ಕಾಲೀಚಾ ಎಜೆ ಮನೆಯೊಳಗೆ ತಂದ ಹೊಳೆ

ಬಿಷ್ಕೇಕಿನ ಟ್ರಾಲಿಬಸ್ಸುಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಟಿಕೆಟ್ ತಪಾಸಣೆ ಮಾಡಿದವಳು ಕಾಲೀಚಾ. ಕಿರ್ಗಿಜ್ ಮಾತಿನಲ್ಲಿ ಎಜೆ ಅಂದರೆ ಅಕ್ಕ. ನಮ್ಮ ಕಟ್ಟಡದಲ್ಲಿ ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು, ಅರ್ಧ ಗೌರವ, ಅರ್ಧ ಹೆದರಿಕೆ. ಯಾರಾದರೂ ನಗುತ್ತಾ ಮಾತಾಡಿಸಿದರೆ ಅವರ ಹತ್ತಿರ ಟಿಕೆಟ್ ಇಲ್ಲ ಎಂದೇ ಅವಳು ತಿಳಿಯುತ್ತಿದ್ದಳು. ನಿವೃತ್ತಿಯಾದ ಮೇಲೂ ಅದು ಹೋಗಲಿಲ್ಲ.

ಅವಳು ಹುಟ್ಟಿದ್ದು ಚೋನ್-ಕೆಮಿನ್ ಹೊಳೆಯ ದಂಡೆಯಲ್ಲಿ. ಮೂರನೆಯ ಮಹಡಿಯ ಮನೆಯಲ್ಲಿ ಒಬ್ಬಳೇ ಕೂತು ಬೇಸರವಾಗಿ, ಹೊಳೆಯಂಥ ಒಂದು ಮೀನಿನ ತೊಟ್ಟಿ ಮಾಡಬೇಕೆಂದು ಭಾನುವಾರದ ಸಂತೆಗೆ ಹೋದಳು. ಅಲ್ಲಿ ಗೆನ್ನಾದಿ ಎಂಬುವನು ಮೀನು ಮಾರುತ್ತಾನೆ. ರೆಕ್ಕೆ ಬಿಚ್ಚಿಕೊಂಡು ನಿಂತಿದ್ದ ಅಗಲ ಮೀನೊಂದನ್ನು ಕೊಡು ಎಂದಳು.

"ಹರಿಯೋ ನೀರಿಗೆ ಇದು ಬೇಡ ಎಜೆ. ಇದರ ಮೈ ಗಾಳಿಪಟದ ಹಾಗೆ, ನೀರು ತಳ್ಳಿ ತಳ್ಳಿ ಸುಸ್ತಾಗಿ ಸಾಯುತ್ತೆ. ಈ ಸಣ್ಣ ಪಟ್ಟೆ ಮೀನು ನೋಡಿ, ಇಂಡಿಯಾದ ತೊರೆಗಳದ್ದು. ಎಂಟು ಒಟ್ಟಿಗೆ ಇರಬೇಕು. ಆದ್ರೆ ಇವತ್ತು ಕೊಡಲ್ಲ."

"ಯಾಕೆ ಕೊಡಲ್ಲ?"

"ಮೊದಲು ತೊಟ್ಟಿ ಕಟ್ಟಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ನಾಲ್ಕು ವಾರ ನೀರು ಓಡಿಸಿ. ನೀರು ಪಕ್ವ ಆಗ್ಬೇಕು."

"ಇಲ್ಲದ ಮೀನಿಗೆ ಊಟ ಬಡಿಸ್ಬೇಕಾ?"

"ಹೌದು. ಅದು ಕೊಳೆತ್ರೆ ನೀರು ಶುದ್ಧ ಮಾಡೋ ಸೂಕ್ಷ್ಮಜೀವಿ ಬೆಳೆಯುತ್ತೆ. ಮತ್ತೆ ಮೇಲೆ ಗಾಜಿನ ಮುಚ್ಚಳ ಇರಲಿ."

ವ್ಯಾಪಾರಿ ವ್ಯಾಪಾರ ಬೇಡ ಅನ್ನುತ್ತಾನೆಂದರೆ ಒಳಗೆ ಏನೋ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಯೋಚಿಸಿ ಯೋಚಿಸಿ, ಮುಚ್ಚಳ ಮಾರುವುದಕ್ಕೇ ಇಷ್ಟೆಲ್ಲ ಮಾತು ಎಂದು ತೀರ್ಮಾನಿಸಿದಳು. ನಾಲ್ಕು ವಾರ ಕಾದಳು, ಮುಚ್ಚಳ ಮಾತ್ರ ಕೊಳ್ಳಲಿಲ್ಲ.

ತೊಟ್ಟಿ ಕಟ್ಟಿಕೊಟ್ಟವನು ಎದುರು ಮನೆಯ ಎಸೆನ್, ಕೊಳಾಯಿ ಕೆಲಸ ಮಾಡಿ ನಿವೃತ್ತನಾದವನು. ಇಬ್ಬರೂ ಹೊಳೆಗೆ ಹೋಗಿ ಗುಂಡುಕಲ್ಲು ಆರಿಸಿ ತಂದರು. ಪ್ರತಿ ಕಲ್ಲಿಗೂ ವಿನೆಗರ್ ಬಿಟ್ಟು, ನೊರೆ ಬಂದದ್ದನ್ನು ಸುಣ್ಣದ ಕಲ್ಲೆಂದು ಎಸೆದರು. ಒಂದು ತುದಿಯಲ್ಲಿ ಪಂಪು ಇಟ್ಟಾಗ ನೀರು ಕಲ್ಲುಗಳ ಸಂದಿಯಲ್ಲಿ ನುಗ್ಗಿ ಹರಿಯಿತು. ಎಂಟು ಪಟ್ಟೆ ಮೀನು ಬಂದವು. ಪ್ರವಾಹಕ್ಕೆ ಮುಖ ಕೊಟ್ಟು ಅವು ಈಜುವುದನ್ನು ನೋಡುತ್ತಾ ಕಾಲೀಚಾ ಊಟ ಮರೆತು ಕೂರುತ್ತಿದ್ದಳು.

ಪ್ರತಿ ಶುಕ್ರವಾರ ಅವಳು ತೊಕ್ಮೊಕ್‌ನ ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು. ಮೀನಿಗೆ ಆಹಾರ ಹಾಕಲು ಎಸೆನ್‌ಗೆ ಕೀಲಿಕೈ ಕೊಟ್ಟಳು. ಮೊದಲ ವಾರ ಬಂದು ಎಣಿಸಿದರೆ ಏಳು. ಮುಂದಿನ ವಾರ ಆರು. ಅದರ ಮುಂದೆ ಐದು. ಸತ್ತ ಮೀನು ತೇಲಿರಲಿಲ್ಲ, ತಳದಲ್ಲೂ ಇರಲಿಲ್ಲ. ಎಸೆನ್ ಮನೆಯಲ್ಲಿ ಒಂದು ಬೂದು ಬೆಕ್ಕಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಅವಳು ನನ್ನನ್ನು ಪಕ್ಕಕ್ಕೆ ಕರೆದು, "ಅವನ ಬೆಕ್ಕು ದಪ್ಪ ಆಗಿದೆ ಅಲ್ವಾ?" ಎಂದು ಕೇಳಿದಳು. ಚಳಿಗಾಲದ ಕೂದಲು ಎಜೆ ಎಂದೆ. ನನ್ನ ಮೇಲೂ ಅವಳಿಗೆ ಅನುಮಾನ ಬಂತು.

ನಾಲ್ಕನೆಯ ಶುಕ್ರವಾರ ಚೀಲ ಹಿಡಿದು ಹೊರಟವಳು ಎರಡು ನಿಲ್ದಾಣ ದಾಟಿ ಇಳಿದು, ಸದ್ದಿಲ್ಲದೆ ವಾಪಸು ಬಂದಳು. ಬಾಗಿಲು ತಳ್ಳಿದರೆ ಎಸೆನ್ ಮೊಣಕೈವರೆಗೆ ಅಂಗಿಯ ತೋಳು ಮಡಚಿ ತೊಟ್ಟಿಯೊಳಗೆ ಕೈ ಹಾಕಿದ್ದ.

"ಸಿಕ್ಕಿಬಿದ್ದೆ ನೀನು," ಎಂದಳು.

"ಕಲ್ಲು ಜಾರಿತ್ತು ಎಜೆ, ಸರಿ ಮಾಡ್ತಿದ್ದೆ."

"ಮೂರು ಮೀನೂ ಜಾರಿದ್ವಾ? ನಿನ್ನ ಬೆಕ್ಕಿನ ಹೊಟ್ಟೆಗೆ?"

ಎಸೆನ್ ಕೈ ಒರೆಸಿಕೊಂಡ. "ಮೂವತ್ತು ವರ್ಷ ಎದುರುಬದುರು ಇದ್ದೀವಿ. ಇಷ್ಟು ದಿನ ನನ್ನ ಕಳ್ಳ ಅಂತಲೇ ಅಂದ್ಕೊಂಡು ಚಹಾ ಕೊಟ್ರಾ?" ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದ.

ಅವಳು ಕೋಟೂ ಬಿಚ್ಚದೆ ತೊಟ್ಟಿಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಮೀನು ಪಂಪಿನ ಬಾಯಿಯ ಹತ್ತಿರ ಹೋಗಿ, ಹರಿವಿಗೆ ಎದುರಾಗಿ ಚಿಮ್ಮಿ, ಗಾಜಿನ ಅಂಚು ದಾಟಿ, ಪಕ್ಕದಲ್ಲಿದ್ದ ಬೀರುವಿನ ಹಿಂದೆ ಬಿತ್ತು. ಬೀರು ಎಳೆದಳು. ಒದ್ದಾಡುತ್ತಿದ್ದ ಮೀನಿನ ಪಕ್ಕದಲ್ಲಿ ಇನ್ನೂ ಮೂರು, ಒಣಗಿ ಕಡ್ಡಿಯಾಗಿದ್ದವು. ಜೀವವಿದ್ದುದನ್ನು ಒದ್ದೆ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟಳು, ಅದು ಬದುಕಿತು. ತೊಟ್ಟಿಯ ಮೇಲೆ ರೊಟ್ಟಿ ಲಟ್ಟಿಸುವ ಹಲಗೆ ಮುಚ್ಚಿದಳು.

ಒಣಗಿದ ಮೂರನ್ನು ಕಾಗದದಲ್ಲಿಟ್ಟು ಎಸೆನ್ ಬಾಗಿಲು ತಟ್ಟಿದಳು. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ.

"ಇವು ತಾವೇ ಹಾರಿದ್ದು. ತಪ್ಪು ನನ್ನದು," ಎಂದಳು. ಬಸ್ಸಿನಲ್ಲಿ ಎಷ್ಟೋ ಜನರಿಂದ ಆ ಮಾತು ಹೇಳಿಸಿದವಳು ಅದನ್ನು ತಾನೇ ಹೇಳಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಎಸೆನ್ ಕಾಗದ ನೋಡಿದ. "ಬೆಕ್ಕಿಗೂ ಒಂದು ಮಾತು ಹೇಳ್ಬಿಡಿ," ಎಂದ. ನಗಲಿಲ್ಲ. ಮಾರನೆಯ ದಿನ ಗಾಜು ಅಳೆದು ಮುಚ್ಚಳ ಮಾಡಿಕೊಟ್ಟ.

ಆಮೇಲೆ ಗೆನ್ನಾದಿಯ ಹತ್ತಿರ ಮತ್ತೆ ಮೂರು ಪಟ್ಟೆ ಮೀನು ತಂದರು, ಕಲ್ಲಿಗೆ ಅಂಟಿಕೊಂಡಿರುವ ಚಪ್ಪಟೆ ಮೀನು ಎರಡು. ಎಲ್ಲವೂ ಚೆನ್ನಾಗಿವೆ. ಎಸೆನ್ ಈಗಲೂ ಚಹಾಕ್ಕೆ ಬರುತ್ತಾನೆ. ಆದರೆ ಕಾಲೀಚಾ ಎದ್ದು ಅಡುಗೆಮನೆಗೆ ಹೋದರೆ ತೊಟ್ಟಿಯ ಹತ್ತಿರ ಒಬ್ಬನೇ ಕೂರದೆ ಅವನೂ ಎದ್ದು ಅವಳ ಹಿಂದೆಯೇ ಹೋಗಿ, ಕೆಟಲ್ ಕುದಿಯುವವರೆಗೂ ಅಲ್ಲೇ ನಿಲ್ಲುತ್ತಾನೆ.