ಗುಳಿಗೆ ನುಂಗಿದವಳು ಕಾಯಬಾರದು

ಮೊದಲು ಗೊತ್ತಾಗಿದ್ದು ಚಪ್ಪಲಿಯಿಂದ. ಗೋಕಾಕದ ಸಂತೆಯಿಂದ ಮನೆಗೆ ಬಂದ ನನ್ನ ಹೆಂಡತಿ ಸುವರ್ಣಾಳ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೋ ಅವಳಿಗೆ ತಿಳಿದಿರಲಿಲ್ಲ. ನನ್ನ ನೆನಪು ಹೀಗಿದೆ. ಅದು ಸಂತೆಯಲ್ಲ, ಮೂಡಲಗಿಯ ಬಸ್ ಸ್ಟ್ಯಾಂಡು ಎಂದು ಅವಳು ಹೇಳುತ್ತಾಳೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು, ಸಾಕ್ಷಿ ಇಲ್ಲದೆ ಏನನ್ನೂ ಒಪ್ಪುವವನಲ್ಲ. ಈಗೀಗ ನನ್ನ ನೆನಪಿಗೂ ಸಾಕ್ಷಿ ಬೇಕಾಗಿದೆ. ಕಾಲು ಜೋಮು ಹಿಡಿದಿತ್ತು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ರಿಪೋರ್ಟ್ ನೋಡಿದ ಡಾಕ್ಟರ್ ತಲೆ ಎತ್ತದೆ ಹೇಳಿದರು. ಡಯಾಬಿಟಿಸ್. ಬಹಳ ವರ್ಷದಿಂದ ಇರಬೇಕು.

ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಅಂದೇ ಮನೆಯಲ್ಲಿದ್ದ ಸಕ್ಕರೆ, ಬೆಲ್ಲ ಎಲ್ಲ ಹೊರಹಾಕಿದೆ. ಫೋನಿನಲ್ಲಿ ಓದಿಕೊಂಡು ಅವಳಿಗಾಗಿ ಬೇರೆ ಅಡುಗೆ ಶುರು ಮಾಡಿದೆ: ಓಟ್ಸ್ ಗಂಜಿ, ಉಪ್ಪು ಖಾರ ಇಲ್ಲದ ಬೇಯಿಸಿದ ತರಕಾರಿ. ಅದನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಬದಿಗಿಡುತ್ತಿದ್ದೆ. ಮಗಳು ಅದಕ್ಕೆ 'ದವಾಖಾನಿ ಡಬ್ಬಿ' ಎಂದು ಹೆಸರಿಟ್ಟಳು. ಸುವರ್ಣಾ ನಕ್ಕಳು. ನಮಗೆಲ್ಲ ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ ಬಡಿಸಿ, ಕೊನೆಗೆ ಒಬ್ಬಳೇ ಕುಳಿತು ಆರಿದ ಗಂಜಿ ಉಣ್ಣುತ್ತಿದ್ದಳು. ಆ ದಿನಗಳಲ್ಲಿ ಅವಳು ರೋಗಕ್ಕಿಂತ ಹೆಚ್ಚಾಗಿ ಆ ಡಬ್ಬಿಯಿಂದ ಸೊರಗಿದಳು ಅನ್ನಿಸುತ್ತದೆ.

ಒಂದು ಅಮಾವಾಸ್ಯೆಗೆ ಮೇಲವಂಕಿಯಿಂದ ನನ್ನ ಅವ್ವನ ತವರಿನವರು ಬಂದರು. 'ಊಟಕ್ಕೆ ಮುಂಚೆ' ಎಂದಿದ್ದ ಗುಳಿಗೆಯನ್ನು ಸುವರ್ಣಾ ಒಲೆಯಿಂದ ಪಲ್ಯ ಇಳಿಸಿದ ಕೂಡಲೇ ನುಂಗಿದಳು. ಗಂಡಸರು ಉಂಡೆವು. ಬಂದ ಹೆಣ್ಣುಮಕ್ಕಳು ಉಂಡರು. ಅವ್ವ ಉಂಡಳು. ಅಷ್ಟೂ ಹೊತ್ತು ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು, ಹೆಂಚಿನಿಂದ ತಾಟಿಗೆ, ತಾಟಿನಿಂದ ಹೆಂಚಿಗೆ ತಿರುಗುತ್ತ.

ಆಮೇಲೆ ಬಡಿಯುವ ಸದ್ದು ನಿಂತಿತು.

ಗೋಡೆಗೆ ಆತು ಕುಳಿತಿದ್ದಳು. ಮೈಯೆಲ್ಲ ಬೆವರು, ತೊದಲು ಮಾತು. ಶುಗರ್ ಏರಿದೆ ಎಂದುಕೊಂಡೆ. ಫೋನಿನಲ್ಲಿ ಡಾಕ್ಟರ್ ಕೂಗಿಯೇ ಹೇಳಿದರು, ಇಳಿದಿದೆ, ಈಗಿಂದೀಗ ಸಿಹಿ ಕೊಡಿ ಎಂದು. ನಾನು ಬರಿದು ಮಾಡಿದ ಮನೆಯಲ್ಲಿ ಸಿಹಿ ಎಲ್ಲಿತ್ತು? ಬಂದವರು ತಂದ ಚೀಲದಲ್ಲಿ ಬೆಲ್ಲದ ಅಚ್ಚು ಸಿಕ್ಕಿತು. ಅದನ್ನು ಜಜ್ಜಿ ನೀರಿಗೆ ಹಾಕಿ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗೆ ಮಾಡಿ ಅವಳು ಕೇಳಿದ್ದು, ರೊಟ್ಟಿ ಎಲ್ಲರಿಗೂ ಸಾಲಿತೇ ಎಂದು.

ಮರುದಿನ ಡಾಕ್ಟರ್ ಅವಳನ್ನೇ ಕೇಳಿದರು: "ಗುಳಿಗಿ ತಗೊಂಡ ಮ್ಯಾಲ ಉಣ್ಣಾಕ ಎಷ್ಟೊತ್ತ ಆತ್ರಿ?"

"ಎಲ್ಲಾರದೂ ಆಗಬೇಕಲ್ರಿ."

ಡಾಕ್ಟರ್ ಪೆನ್ ಕೆಳಗಿಟ್ಟರು. "ತಾಟು ಮುಂದ ಬಂದ ಮ್ಯಾಲ ನುಂಗ್ರಿ. ನುಂಗಿದ ಮ್ಯಾಲ ಯಾರಿಗೂ ಕಾಯಬ್ಯಾಡ್ರಿ."

ಡೋಸ್ ಸರಿಯಿತ್ತು, ಗುಳಿಗೆ ಸರಿಯಿತ್ತು. ತಪ್ಪಿದ್ದು ನಮ್ಮ ಮನೆ ಉಣ್ಣುವ ಸಾಲಿನಲ್ಲಿ. ನಮ್ಮಲ್ಲಿ ಹೆಂಗಸು ಕೊನೆಗೆ ಉಣ್ಣುವುದನ್ನು ಯಾರೂ ಕಟ್ಟಳೆ ಎಂದು ಕರೆಯುವುದಿಲ್ಲ, ಸೂರ್ಯ ಮುಳುಗುವುದನ್ನು ಕರೆಯದ ಹಾಗೆ. ಕಂಡದ್ದನ್ನೆಲ್ಲ ಪ್ರಶ್ನಿಸುವ ನಾನು ಆ ಬಿಸಿ ರೊಟ್ಟಿಯನ್ನು ಎಂದೂ ಪ್ರಶ್ನಿಸಿರಲಿಲ್ಲ.

ಡಬ್ಬಿ ಅಟ್ಟಕ್ಕೆ ಹೋಯಿತು. ಒಂದೇ ಅಡುಗೆ, ಒಂದೇ ಹೊತ್ತು, ಎಲ್ಲರೂ ಒಟ್ಟಿಗೆ ಎಂದು ನಿರ್ಧರಿಸಿದೆ. ರೊಟ್ಟಿಗಳನ್ನು ಮೊದಲೇ ಮಾಡಿ ಬಟ್ಟೆಯಲ್ಲಿ ಸುತ್ತಿಡುವುದು. ಅದರಲ್ಲಿ ನನ್ನ ಪಾಲೂ ಇತ್ತು. ನಾನು ಬಡಿದ ರೊಟ್ಟಿ ಹೆಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು. ಕುರಿ ಕಾಯ್ದ ಮನೆತನದ ಅವ್ವ ಬಾಗಿಲಲ್ಲಿ ನಿಂತು ಅಂದಳು: "ಇದನ್ನ ಕುರೀಗೆ ಹಾಕಿದ್ರ ಅವೂ ಮಾರಿ ತಿರವತಾವ ನೋಡ್ ತಮ್ಮಾ."

ರುಚಿಯ ಹೊಣೆ ಸುವರ್ಣಾಳದು. ಮೊದಲು ಎಲ್ಲರ ತಾಟಿಗೂ ಹಸಿ ಮೆಂತ್ಯ, ಈರುಳ್ಳಿ, ಸೌತೆಕಾಯಿ, ಮೇಲೊಂದಿಷ್ಟು ಗುರೆಳ್ಳು ಹಿಂಡಿಯ ಚಟ್ನಿಪುಡಿ. ಆಮೇಲೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಯ, ಕಡಲೆಹಿಟ್ಟಿನ ಗಟ್ಟಿ ಝುಣಕ, ತೆಳ್ಳಗಿನ ಜೋಳದ ರೊಟ್ಟಿ ಒಂದು. ಅನ್ನದ ಜಾಗಕ್ಕೆ ಹೆಸರುಬೇಳೆ ಹಾಕಿದ ನವಣೆ, ಅದೂ ಸಣ್ಣ ಬಟ್ಟಲಲ್ಲಿ. ಎಣ್ಣೆಗಾಯಿಯಲ್ಲಿ ಎಣ್ಣೆ ಇಳಿಸಿ ಹುರಿದ ಎಳ್ಳಿನ ಪುಡಿ ಏರಿಸಿದಳು. ಇದು ರೋಗಿಯ ಊಟವಲ್ಲ, ನಮ್ಮ ಊರಿನ ಊಟ. ಮಗಳು ತಾಟು ಬಳಿದು ಇನ್ನಷ್ಟು ಪಲ್ಯ ಕೇಳಿದ ದಿನ ಸುವರ್ಣಾ ನನ್ನ ಕಡೆ ನೋಡಿದಳು.

ಮನೆಯೊಳಗೆ ಗೆದ್ದೆವು. ಹೊರಗೆ? ಕಾರ್ಯಗಳಿಗೆ ಹೋದರೆ ಅವಳು ಗುಳಿಗೆ ಬಿಡುತ್ತಿದ್ದಳು, ಇಲ್ಲವೇ ಹೋಗುವುದನ್ನೇ ಬಿಡುತ್ತಿದ್ದಳು. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ನನ್ನ ಕಾಕಾನ ಮೊಮ್ಮಗಳ ಸೀಮಂತ, ನಮ್ಮ ಕಡೆ ಕುಬಸ ಅನ್ನುವುದು, ಬಂದಾಗಲೂ ಒಲ್ಲೆ ಅಂದಳು. ನಾನು ಜಗಳವಾಡಿದೆ. ಕೊನೆಗೆ ಒಂದು ಬೋಗುಣಿ ತುಂಬ ಎಣ್ಣೆಗಾಯಿ ಮಾಡಿಕೊಂಡು ಹೊರಟೆವು, ಬಂದವರಿಗೆಲ್ಲ ಆಗುವಷ್ಟು.

ಅಂಗಳದಲ್ಲಿ ಎಲೆ ಹಾಕಿದರು. ಗಂಡಸರು ಕುಳಿತರು. ನಾನು ಕರೆದೆನೋ ಅವಳೇ ಬಂದಳೋ ನೆನಪಿಲ್ಲ. ಕರೆದೆ ಎಂದು ಹೇಳಿಕೊಳ್ಳುವ ಆಸೆ ಇದೆ. ಅದಕ್ಕೇ ಆ ನೆನಪನ್ನು ನಂಬುತ್ತಿಲ್ಲ. ಸುವರ್ಣಾ ನನ್ನ ಪಕ್ಕದ ಎಲೆಗೆ ಕುಳಿತಳು.

ಕಾಕಾ ಎದುರು ಸಾಲಿನಿಂದ ಅಂದ: "ಏನ್ವಾ ಸುವರ್ಣಾ, ಬಸರಿಗಿಂತಾ ನಿನಗ ಹಸಿವಿ ಹೆಚ್ಚಾತೇನ?"

ಸಾಲು ನಕ್ಕಿತು. ಅವಳ ಕಿವಿ ಕೆಂಪಾದವು. ಎದ್ದುಬಿಡುತ್ತಾಳೆ ಅಂದುಕೊಂಡೆ. ಅವಳು ಬಡಿಸುವವರನ್ನು ಕಾದಳು, ಎಲೆಗೆ ಪಲ್ಯ ಬಿದ್ದ ಮೇಲೆ ಎಲ್ಲರೂ ನೋಡುವಂತೆ ಗುಳಿಗೆ ನುಂಗಿದಳು.

"ಹೌದ್ರಿ ಕಾಕಾ. ನನ್ನ ಗುಳಿಗಿ ನಿಮ್ಮ ಪಂಕ್ತಿ ಮುಗಿಯೂ ತನಕಾ ಕಾಯಂಗಿಲ್ಲ. ನೀವೂ ಉಣ್ರಿ, ಎಣ್ಣಿಗಾಯಿ ನಾನಾ ಮಾಡೇನಿ."

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಸೊಸೆಯನ್ನು ಎಬ್ಬಿಸಲು ಬಂದಳೆಂದೇ ನಾನು ಮೈ ಬಿಗಿ ಮಾಡಿದೆ.

"ಸರಕೋ ಒಂದೀಟ," ಅಂದಳು ಸುವರ್ಣಾಳಿಗೆ. "ನನಗೂ ಹಸಿವಾಗೈತಿ."

ಕಾಕಾ ಎರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡ. ಮುಖ ಮಾತ್ರ ಸಡಿಲಿಸಲಿಲ್ಲ.

ಮೂರು ತಿಂಗಳ ಶುಗರ್ ಅಳೆಯುವ ಈ ಸಲದ ಎಚ್‌ಬಿಎ1ಸಿ ಇಳಿದಿದೆ, ಡಾಕ್ಟರ್ ಬಯಸಿದಷ್ಟಲ್ಲ. ಕಾಲಿನ ಜೋಮು ಹೋಗಿಲ್ಲ, ಹೋಗದೆಯೂ ಇರಬಹುದು. ಆದರೆ ಆ ಅಮಾವಾಸ್ಯೆಯಂತೆ ಮತ್ತೆಂದೂ ಆಗಿಲ್ಲ. ನನಗೆ ಸದ್ಯಕ್ಕೆ ಅಷ್ಟು ಸಾಕು. ಮುಂದಿನ ತಿಂಗಳು ಮೇಲವಂಕಿಯಲ್ಲಿ ಮದುವೆಯಿದೆ. ಅವ್ವ ಈಗಲೇ ಫೋನ್ ಮಾಡಿ, ಮೊದಲ ಪಂಕ್ತಿಯಲ್ಲಿ ಎರಡು ಎಲೆ ಹೇಳಿಟ್ಟಿದ್ದಾಳೆ.