ಡಬ್ಬಿಯ ಮೇಲಿನ ಅಜ್ಜಿ

ಆ ಬೀದಿಯ ಅಂಗಡಿಯಲ್ಲಿ ಫ್ರೀಜರ್ ಬಾಗಿಲು ತೆಗೆದರೆ ಟೈಲರಮ್ಮ ನಗುತ್ತಿದ್ದರು. ಒಬ್ಬರಲ್ಲ, ಸಾಲಾಗಿ ಹದಿನಾರು ರಟ್ಟಿನ ಊಟದ ಡಬ್ಬಿಗಳ ಮೇಲೆ ಹದಿನಾರು ಟೈಲರಮ್ಮಂದಿರು. ಬಿಳಿ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲೊಂದು ಚಮಚ. ಕೆಳಗೆ ಹಬೆಯಾಡುವ ಅನ್ನ, ಹಸಿರು ಬಟಾಣಿ, ಬೆರಳುದ್ದದ ಕ್ಯಾರೆಟ್. ಅದಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಜ್ಜಿಯ ಕೈರುಚಿ’.

ನಿಜ ಹೇಳಬೇಕೆಂದರೆ ಈ ಅಜ್ಜಿಯ ಕೈಗೆ ಅಡುಗೆ ಹತ್ತಿದ್ದೇ ಇಲ್ಲ. ನಲವತ್ತು ವರ್ಷ ಹೊಲಿಗೆ ಮಷೀನು ತುಳಿದವರು ಅವರು. ಮನೆಯಲ್ಲಿ ಒಲೆ ಹಚ್ಚುತ್ತಿದ್ದದ್ದು ಗಂಡ. ಅವರು ತೀರಿಕೊಂಡ ಮೇಲೆ ಟೈಲರಮ್ಮ ಬ್ರೆಡ್ಡು, ಬಾಳೆಹಣ್ಣು ಮತ್ತು ಎದುರಿನ ಹೋಟೆಲ್ಲನ್ನು ನಂಬಿಕೊಂಡು ಕಾಲ ಹಾಕುತ್ತಿದ್ದರು.

ಮೂರು ವರ್ಷದ ಹಿಂದೆ ಜಾಹೀರಾತು ಕಂಪನಿಯವನೊಬ್ಬ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನು ಇವರ ಮುಖ ನೋಡಿ ಅಲ್ಲೇ ನಿಂತುಬಿಟ್ಟ. ಸ್ಟುಡಿಯೋಗೆ ಕರೆಸಿದ. ಅಲ್ಲಿ ಅನ್ನವೂ ಇರಲಿಲ್ಲ, ಬಟಾಣಿಯೂ ಇರಲಿಲ್ಲ. ಖಾಲಿ ಚಮಚ ಕೈಗೆ ಕೊಟ್ಟು, “ಮೊಮ್ಮಕ್ಕಳನ್ನ ನೆನೆಸ್ಕೊಂಡು ನಗಿ ಅಜ್ಜಿ” ಎಂದ. ಮಕ್ಕಳೇ ಇಲ್ಲದವರಿಗೆ ಮೊಮ್ಮಕ್ಕಳೆಲ್ಲಿಂದ ಬರಬೇಕು? ಒಮ್ಮೆ ಗಂಡ ಅನ್ನಕ್ಕೆ ಉಪ್ಪಿನ ಬದಲು ಸಕ್ಕರೆ ಸುರಿದು, ಬಡಿಸಿ, ತಾನೇ ಮೊದಲ ತುತ್ತು ತಿಂದು, “ಕೆಟ್ಟುಹೋಯ್ತು ಕಣೇ, ನೀನು ಮುಟ್ಬೇಡ” ಎಂದು ತಟ್ಟೆ ಎಳೆದುಕೊಂಡದ್ದು ನೆನಪಾಯಿತು. ನಗು ತಾನಾಗಿಯೇ ಬಂತು. ಕಂಪನಿಯವರು ಆ ನಗುವಿನ ಕೆಳಗೆ ಅನ್ನ ಅಂಟಿಸಿಕೊಂಡರು.

ಅಲ್ಲಿಂದ ಬೀದಿಯವರಿಗೆಲ್ಲ ಟೈಲರಮ್ಮನೇ ಊಟದ ಕಂಪನಿ. “ಏನಮ್ಮಾ, ನಿಮ್ಮ ಬಟಾಣಿ ಕಲ್ಲಿನ ಹಾಗಿದೆಯಲ್ಲ” ಎಂದು ರವಿಕೆ ಅಳತೆ ಕೊಡುತ್ತಲೇ ತಕರಾರು ತೆಗೆಯುತ್ತಿದ್ದರು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದರು.

ಸುಮ್ಮನಿರಲಾಗದಂತೆ ಮಾಡಿದವರು ಅದೇ ಮಹಡಿಯ ಎದುರು ಮನೆಯ ಮೇಷ್ಟ್ರು. ಒಬ್ಬಂಟಿ, ಜೀವನವಿಡೀ ಲೆಕ್ಕ ಕಲಿಸಿದವರು. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು: “ಡಬ್ಬಿ ಮೇಲೆ ಹತ್ತೊಂಬತ್ತು ಬಟಾಣಿ, ಐದು ಕ್ಯಾರೆಟ್ಟು. ಒಳಗೆ ಏಳು ಬಟಾಣಿ. ಕ್ಯಾರೆಟ್ ಒಂದಿತ್ತೋ ಏನೋ, ಕರಗಿಹೋಗಿತ್ತು.”

ಟೈಲರಮ್ಮನ ಮುಖ ಕೆಂಪಗಾಯಿತು. ತೋರಿಸಿದ ಡಿಸೈನು ಒಂದು, ಹೊಲಿದುಕೊಟ್ಟದ್ದು ಇನ್ನೊಂದು ಎಂಬ ಮಾತು ನಲವತ್ತು ವರ್ಷದಲ್ಲಿ ಅವರ ಕಿವಿಗೆ ಬಿದ್ದಿರಲಿಲ್ಲ. “ಮತ್ಯಾಕೆ ದಿನಾ ಅದನ್ನೇ ತಿಂತೀರಿ?” ಎಂದು ಸ್ವಲ್ಪ ಜೋರಾಗಿಯೇ ಕೇಳಿದರು.

ಮೇಷ್ಟ್ರು ಮೆಟ್ಟಿಲು ನೋಡುತ್ತ ನಿಂತರು. “ರುಚಿಗೆ ಅಲ್ಲಮ್ಮ. ಡಬ್ಬೀನ ಎದುರಿಗೆ ನಿಲ್ಲಿಸ್ಕೊಂಡು ತಿಂತೀನಿ. ಯಾರೋ ಕೂತ್ಕೊಂಡು ‘ಇನ್ನೊಂಚೂರು ಹಾಕ್ಕೊಳ್ಳಿ’ ಅಂದ ಹಾಗಿರುತ್ತೆ.”

ಟೈಲರಮ್ಮ ಮರುದಿನ ಮಧ್ಯಾಹ್ನ ಒಂದು ಡಬ್ಬಿ ಕೊಂಡು, ಅಂಗಡಿಯವನ ಮೈಕ್ರೋವೇವಿನಲ್ಲೇ ಬಿಸಿ ಮಾಡಿಸಿ, ಮೊದಲ ಸಲ ತಮ್ಮ ಕೈರುಚಿ ತಾವೇ ನೋಡಿದರು. ಅಂಚಿನಲ್ಲಿ ನಾಲಿಗೆ ಸುಡುವಷ್ಟು ಬಿಸಿ, ನಡುವೆ ಮಂಜುಗಡ್ಡೆ. ರುಚಿಯಲ್ಲಿ ಊಟಕ್ಕೂ ರಟ್ಟಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಇದನ್ನು ಆ ಮನುಷ್ಯ ದಿನವೂ ನನ್ನ ಮುಖ ನೋಡಿಕೊಂಡು ನುಂಗುತ್ತಿದ್ದಾನಲ್ಲ ಎಂದು ಸಂಕಟವಾಯಿತು.

ಅಷ್ಟರಲ್ಲಿ ಜಾಹೀರಾತಿನವನು ಮತ್ತೆ ಬಂದ. ಹೊಸ ಡಬ್ಬಿಗೆ ಹೊಸ ಫೋಟೋ ಬೇಕಂತೆ. ಇವರು ಒಲ್ಲೆ ಎಂದರೆ ಬೇರೆ ಮುಖ. ಮೇಷ್ಟ್ರ ಮೇಜಿನ ಮೇಲೆ ಮುಂದೆ ಯಾರು ಕೂರುತ್ತಾರೆ ಎಂಬುದು ತನ್ನ ಒಂದು ಮಾತಿನ ಮೇಲೆ ನಿಂತಿದೆ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಎರಡು ದಿನ ಯೋಚಿಸಿ ಸ್ಟುಡಿಯೋಗೆ ಹೋದರು.

“ಈ ಸಲ ಒಳಗಿರೋದನ್ನೇ ಬಿಸಿ ಮಾಡಿ ತನ್ನಿ. ತಿಂದು ನಗ್ತೀನಿ” ಎಂದರು.

ತಂದರು. ಟೈಲರಮ್ಮ ಒಂದು ಚಮಚ ಬಾಯಿಗಿಟ್ಟರು. ಮೇಷ್ಟ್ರಿಗಾಗಿಯಾದರೂ ನಗಲೇಬೇಕೆಂದು ಗಂಡನನ್ನು ನೆನೆದರು, ಸಕ್ಕರೆ ಅನ್ನ ನೆನೆದರು. ನೆನೆದದ್ದೇ ತಪ್ಪಾಯಿತು. ಆತ ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳಿ, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಿದ್ದ.

“ಸ್ವಲ್ಪ ನಗಿ ಅಜ್ಜಿ.”

“ಅಳತೆ ಕೂಡ್ತಾ ಇಲ್ಲಪ್ಪ” ಎಂದು ಟೈಲರಮ್ಮ ಚಮಚ ಕೆಳಗಿಟ್ಟರು. “ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ತಿಂಗಳೊಪ್ಪತ್ತಿನಲ್ಲಿ ಫ್ರೀಜರ್ ತುಂಬ ಹೊಸ ಅಜ್ಜಿ ಬಂದಳು. ಕೂದಲಿಗೆ ಬಿಳಿ ಬಳಿದ ನಲವತ್ತರ ಹೆಂಗಸು. ಹಲ್ಲು ಮಾತ್ರ ಫಳಫಳ. ಮೇಷ್ಟ್ರು ಮೆಟ್ಟಿಲ ಮೇಲೆ ಸಿಕ್ಕಾಗ ಚೀಲದಲ್ಲಿ ಬರೀ ಬಿಸ್ಕತ್ತಿನ ಪೊಟ್ಟಣವಿತ್ತು.

“ಊಟ?”

“ಆ ಹೊಸಬಳು ನನ್ನ ಕಡೆ ನೋಡಲ್ಲಮ್ಮ, ಕ್ಯಾಮೆರಾ ಕಡೆ ನೋಡ್ತಾಳೆ” ಎಂದು ಮೇಷ್ಟ್ರು ತಮಾಷೆ ಮಾಡಿದರು. ಅದು ತಮಾಷೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಟೈಲರಮ್ಮ ಅಂದುಕೊಂಡರು: ತಾನು ಮರ್ಯಾದೆ ಉಳಿಸಿಕೊಂಡೆ, ಇವರು ಉಪವಾಸ ಬಿದ್ದರು.

ಅಡುಗೆ ಕಲಿಯಲು ಎಪ್ಪತ್ತರಲ್ಲಿ ಪುರುಸೊತ್ತಿಲ್ಲ. ಆವತ್ತು ಸಂಜೆ ಅಂಗಡಿಗೆ ಹೋಗಿ ಎರಡು ಡಬ್ಬಿ ತಂದು, ಎದುರು ಮನೆಯ ಬಾಗಿಲು ತಟ್ಟಿದರು. ಮೇಷ್ಟ್ರು ತಬ್ಬಿಬ್ಬಾಗಿ ದಾರಿ ಬಿಟ್ಟರು. ಟೈಲರಮ್ಮ ಎರಡನ್ನೂ ಬಿಸಿ ಮಾಡಿ, ನಡುವೆ ಮಂಜು ಉಳಿಯದಂತೆ ಕದಡಿ ಇನ್ನೊಮ್ಮೆ ಬಿಸಿ ಮಾಡಿ, ತಟ್ಟೆಗೆ ಹಾಕಿದರು. ಖಾಲಿ ಡಬ್ಬಿಗಳನ್ನು ಕಸದ ಬುಟ್ಟಿಗೆ ಎಸೆದು, ಡಬ್ಬಿ ನಿಲ್ಲುತ್ತಿದ್ದ ಜಾಗದೆದುರು ಕುರ್ಚಿ ಎಳೆದುಕೊಂಡು ಕೂತರು.

“ಮೊದಲೇ ಹೇಳ್ಬಿಡ್ತೀನಿ, ಚೆನ್ನಾಗಿಲ್ಲ” ಎಂದರು.

ಮೇಷ್ಟ್ರು ಅಭ್ಯಾಸಬಲದಿಂದ ತಟ್ಟೆ ನೋಡಿದರು. “ಎಂಟು” ಎಂದರು.

ಟೈಲರಮ್ಮ ತಮ್ಮ ತಟ್ಟೆಯ ಬಟಾಣಿಯನ್ನೆಲ್ಲ ಚಮಚದಲ್ಲಿ ಒಟ್ಟುಗೂಡಿಸಿ ಅವರ ತಟ್ಟೆಗೆ ದೂಡಿದರು.

“ಇನ್ನೊಂಚೂರು ಹಾಕ್ಕೊಳ್ಳಿ.”

ಮೇಷ್ಟ್ರು ಮತ್ತೆ ಎಣಿಸಲಿಲ್ಲ.