ಚೀಲ ಕಟ್ಟೋ ಕೈಲೆ ಹಲ್ಲು ಬಿಗಿದದ್ದು

ಬ್ಯಾಡಗಿ ಯಾರ್ಡಿನ್ಯಾಗ ಮೂವತ್ತು ವರ್ಷ ಮೆಣಸಿನಕಾಯಿ ಚೀಲಾ ಕಟ್ಟೇನಿ. ನಾ ಕಟ್ಟಿದ ಚೀಲದಾಗಿಂದ ಒಂದ ಒಂದು ಕಾಯಿ ಉದುರಿದ್ದು ತೋರಿಸ್ರಿ, ಮೀಸಿ ಬೋಳಿಸ್ತೇನಿ.

ಆ ವರ್ಷ ನನ್ನ ಸಣ್ಣ ಮೊಮ್ಮಗಳಿಗೆ ರಾಣೆಬೆನ್ನೂರಿನ ಹಲ್ಲಿನ ಡಾಕ್ಟರಮ್ಮ ತಂತಿ ಹಾಕಿದ್ರು. ಒಂದು ಹಲ್ಲು ತಗದು, ಆ ಸಂದಿಗೆ ಕೋರೆಹಲ್ಲನ್ನ ಸಣ್ಣ ರಬ್ಬರ್ ಹಾಕಿ ಎಳದು ಸರಿಸೋ ಕೆಲಸ. ಬ್ಯಾಸಿಗ್ಯಾಗ ಆಕಿ ಅಕ್ಕನ ಮದಿವಿ. ಅಷ್ಟರಾಗ ಸಂದಿ ಮುಚ್ಚಬೇಕು, ಫೋಟೋದಾಗ ಬಾಯಿ ತಗದು ನಗಬೇಕು, ಇದು ಹುಡುಗಿ ಹಟ. ಅಲ್ಲೀತನಕ ಬಾಯಿಗೆ ಕೈ ಅಡ್ಡ ಹಿಡಿದ ನಗೂದು.

"ಅಜ್ಜಾ, ಲಗೂ ಸರಿಯೂ ಹಂಗ ಏನರ ಮಾಡೋ."

ಅಷ್ಟ ಅಂದದ್ದ ತಡ, ಚಿಮಟಿಗಿ ತಗೊಂಡೆ. ಪ್ರತಿ ಹಲ್ಲಿನ ಮ್ಯಾಲೂ ತಂತೀನ ಹಿಡಿದಿದ್ದ ಸಣ್ಣ ಸಣ್ಣ ಕಟ್ಟು ಇದ್ವಲ್ಲ, ಅವನ್ನ ಚೀಲದ ಬಾಯಿ ಬಿಗಿದಂಗ ಎರಡೆರಡು ಸುತ್ತು ತಿರುವಿಬಿಟ್ಟೆ.

ತಿಂಗಳಾದ ಮ್ಯಾಲೆ ಡಾಕ್ಟರಮ್ಮ ಅಳದು ನೋಡಿದ್ರು. ಕೂದಲೆಳಿಯಷ್ಟೂ ಸರಿದಿರಲಿಲ್ಲ. ಹುಡುಗಿ ಕಣ್ಣಾಗ ನೀರು.

"ಯಾರಿದನ್ನ ತಿರುವಿದ್ದು?"

ಮೊಮ್ಮಗಳು ನನ್ನ ಕಡೆ ನೋಡಿದ್ಲು. ನಾ ಮಾಳಿಗಿ ಫ್ಯಾನ್ ನೋಡಿದೆ.

"ಅಜ್ಜಾರ, ಫ್ಯಾನ್ ಏನಂತೈತಿ?"

"ನಾನರಿ. ಬಿಗಿ ಇದ್ರ ಚಲೋ ಅಂತ..."

"ಹಲ್ಲು ಆ ತಂತಿಮ್ಯಾಲ ಜಾರಬೇಕ್ರಿ. ನೀವು ಬಿಗದ್ರ ತಿಕ್ಕಾಟ ಹೆಚ್ಚಾತು. ರಬ್ಬರ್ ಎಳದ ಜೋರೆಲ್ಲ ತಿಕ್ಕಾಟನ ನುಂಗಿತು. ಹಲ್ಲಿಗೆ ಏನುಳೀತು?"

ಖರೇ ಹೇಳ್ತೇನಿ, ಅಲ್ಲೇ ತಿಳೀತು. ಲಾರಿಯಿಂದ ಹಲಗಿಮ್ಯಾಲ ಚೀಲ ಇಳಸೂಮುಂದ, ಹಲಗಿ ಒರಟಿದ್ರ ನಾಕು ಹಮಾಲರು ಜಗ್ಗಿದ್ರೂ ಚೀಲ ಅಲ್ಲೇ ಕುಂದರ್ತೈತಿ. ಇಷ್ಟು ವರ್ಷ ಕಂಡದ್ದು ಹಲ್ಲಿನ ಮುಂದ ಮರತಿದ್ದೆ.

"ಹಂಗಾದ್ರ ಒಂದೀಟು ಕೊಬ್ಬರಿ ಎಣ್ಣಿ ಬಿಡೂಣೇನ್ರಿ?" ಅಂದೆ.

"ನಿಮ್ಮ ಕೈಗೆ ಬೇಡಿ ಹಾಕೂಣ್ರಿ" ಅಂದ್ರು. ಅಳಾಕತ್ತಿದ್ದ ಹುಡುಗಿ ಕಿಸಕ್ಕಂತ ನಕ್ಕಳು.

ಕಟ್ಟು ಬಿಚ್ಚಿ ಸಡಿಲ ಹಾಕಿದ್ರು. ಮನಿಗೆ ಬಂದು ಹುಡುಗಿ ಸಂದ್ಯಾಗ ಜ್ವಾಳದ ಕಾಳಿಟ್ಟು ನೋಡಿದ್ಲು, ಹಿಡೀತು. ಎರಡು ತಿಂಗಳಿಗೆ ಜ್ವಾಳ ಹಿಡೀಲಿಲ್ಲ, ಸಾಸಿವಿ ಹಿಡೀತು. ಆಮ್ಯಾಲೆ ಎಳ್ಳು. ಮದಿವಿ ವಾರ ಇರೂಮುಂದ ಎಳ್ಳೂ ಒಳಗ ಹೋಗಲಿಲ್ಲ. ಹುಡುಗಿ ಎಳ್ಳು ನನ್ನ ತಲಿಮ್ಯಾಲ ಸುರುವಿ ಓಣಿ ತುಂಬ ಕುಣದ್ಲು.

ಆದ್ರ ತಂತಿ ಬಿಚ್ಚಾಕ ಇನ್ನೂ ಟೈಮಿತ್ತು. ಮದಿವಿ ದಿನ ಫೋಟೋದಾಂವ ಅಂದ: "ಯವ್ವಾ, ತಂತಿ ಕಾಣ್ತೈತಿ, ಬಾಯಿ ಮುಚ್ಚಿ ನಗು."

"ಮುಚ್ಚಂಗಿಲ್ಲರಿ! ಬೇಕಾದ್ರ ನೀವು ಕಣ್ಣು ಮುಚ್ಚಿ ತಗೀರಿ!"

ಕೈ ಅಡ್ಡ ಇಡಲಿಲ್ಲ. ಹಾಂಗ ನಕ್ಕಳು ನೋಡ್ರಿ, ಮದುಮಗಳನ್ನ ಬಿಟ್ಟು ಎಲ್ಲಾರೂ ಇವಳನ್ನ ನೋಡಿದ್ರು.